ಹುಣಸೆ ಗಿಡಕ್ಕೆ ಬಳಿದ ಸುಣ್ಣ

ಗಿಡಗಳಿಗೆ ಸುಣ್ಣ ಯಾಕೆ ಬಳಿಯುತ್ತಾರೆ ಎಂದು ನಾನು ಮೊದಲು ಕೇಳಿದ್ದು ಮದುವೆಯಾಗಿ ತವರು ಇಂಡಿಯಿಂದ ಗಂಡನ ಊರು ಯಂಕಂಚಿಗೆ ಹೊರಟ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಹೊಸ ಗಂಡನನ್ನು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು, ಹೊಸ ಸೊಸೆ ತಲೆ ತಗ್ಗಿಸಿ ಕೂಡಬೇಕಿತ್ತು. ನನ್ನ ಕಣ್ಣೆಲ್ಲ ಕಿಟಕಿಯಾಚೆ ಸಾಲಾಗಿ ಓಡುತ್ತಿದ್ದ ಬೇವು, ಹುಣಸೆಗಳ ಬಿಳಿ ಬುಡದ ಮೇಲೆ, ಆ ಬಿಳಿಯ ತಲೆಗೆ ಎಳೆದ ಕೆಮ್ಮಣ್ಣಿನ ಪಟ್ಟಿಯ ಮೇಲೆ. "ಕತ್ತಲ್ದಾಗ ಡ್ರೈವರಗ ಗಿಡ ಕಾಣಲಿ ಅಂತ," ಎಂದರು ಅವರು. ನಮ್ಮಪ್ಪ ತೋಟದ ನಿಂಬೆ ಗಿಡಗಳಿಗೆ ಸುಣ್ಣ, ಮೈಲುತುತ್ತ ಕಲಸಿ ಬಳಿಯುತ್ತಿದ್ದ. ಅಲ್ಲಿ ಯಾವ ಬಸ್ಸು ಓಡಾಡುತ್ತಿತ್ತು? ಅದನ್ನೂ ಕೇಳಿದೆ. ಅವರು ಟವೆಲ್ಲು ಮುಖಕ್ಕೆ ಹಾಕಿಕೊಂಡು ಸಿಂದಗಿ ಬರುವವರೆಗೆ ನಿದ್ದೆ ಹೊಡೆದರು.

ಮನೆ ಸೇರಿದ ಮೇಲೂ ನಾನು ಕೇಳುವುದನ್ನು ಬಿಡಲಿಲ್ಲ. ಮಾವ ಹೇಳಿದರು, "ಅದು ಸರಕಾರದ ಗುರುತು. ಪಟ್ಟಿ ಇದ್ದ ಗಿಡಕ್ಕ ಕೊಡಲಿ ಹಾಕಿದ್ರ ಕೈಗೆ ಬೇಡಿ." ಅತ್ತೆ ಇಬ್ಬರನ್ನೂ ತಳ್ಳಿಹಾಕಿದರು. "ಗೆದ್ದಲ ಹತ್ತಬಾರದಂತ ಹಚ್ತಾರ. ಇಷ್ಟೂ ಗೊತ್ತಿಲ್ಲೇನು?" ಮೂವರೂ ಅವರವರ ಮಾತೇ ಸರಿ ಎನ್ನುತ್ತಿದ್ದರು, ನನಗೆ ಯಾರ ಮೇಲೂ ಪೂರ್ತಿ ನಂಬಿಕೆ ಬರಲಿಲ್ಲ.

ಅತ್ತೆ ಗೆದ್ದಲಿಗೆ ಹೆದರುವುದಕ್ಕೆ ಕಾರಣವಿತ್ತು. ನಮ್ಮ ಹೊಲದ ಬದುವಿನಲ್ಲಿ, ರಸ್ತೆಗೆ ಮಗ್ಗುಲಾಗಿ, ಒಂದು ಹುಣಸೆ ಗಿಡವಿತ್ತು. ಅತ್ತೆ ಮದುವೆಯಾಗಿ ಬರುವಾಗ ತವರು ಇಂಗಳೇಶ್ವರದಿಂದ ಚಕ್ಕಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಸಸಿ ಅದು. ಹೊಲ ಮಾವನದು, ಎತ್ತು ಮಾವನವು, ಮನೆ ಅವರಪ್ಪ ಕಟ್ಟಿಸಿದ್ದು. ಅತ್ತೆಯದು ಅಂತ ಇದ್ದದ್ದು ಆ ಗಿಡ ಒಂದೇ. ಊರವರು ಅದನ್ನೂ ಮಾವನ ಹುಣಸೆ ಎನ್ನುತ್ತಿದ್ದರು. ಮಾವ ಯಾರನ್ನೂ ತಿದ್ದುತ್ತಿರಲಿಲ್ಲ, ಅತ್ತೆ ಒಳಗೆದ್ದು ಹೋಗುತ್ತಿದ್ದರು. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಮರುವರ್ಷ ಬುಡಕ್ಕೆ ಗೆದ್ದಲು ಹತ್ತಿತು. ದೀಪಾವಳಿಗೆ ಮನೆಗೆ ಹಚ್ಚಿ ಉಳಿದ ಸುಣ್ಣವನ್ನು ಅತ್ತೆ ಗಿಡಕ್ಕೆ ಎದೆಯೆತ್ತರ ಬಳಿದರು. ಕಟ್ಟೆಗೆ ಸಾರಿಸಿದ ಕೆಮ್ಮಣ್ಣೂ ಒಂದಿಷ್ಟು ಮಿಕ್ಕಿತ್ತು, ಚೆಂದ ಕಾಣಲೆಂದು ಅದರಲ್ಲೊಂದು ಪಟ್ಟಿ ಎಳೆದರು. "ಮನಿಗೆ ಹಬ್ಬ, ಗಿಡಕ್ಕ ಬ್ಯಾಡೇನು?" ಎಂದರು. ಇಳಿಹೊತ್ತಿನ ಓರೆ ಬಿಸಿಲು ಬುಡಕ್ಕೆ ಬೀಳುವಾಗ ನಾನು ಒಂದು ಅಂಗೈಯನ್ನು ಬಿಳಿಯ ಮೇಲೆ, ಇನ್ನೊಂದನ್ನು ಮೇಲಿನ ಕಪ್ಪು ತೊಗಟೆಯ ಮೇಲೆ ಇಟ್ಟು ನೋಡಿದೆ. ಬಿಳಿ ತಂಪಾಗಿತ್ತು! ನಾಲ್ಕನೆಯ ಕಾರಣ ಸಿಕ್ಕಿತೆಂದು ಓಡೋಡಿ ಬಂದು ಹೇಳಿದರೆ, "ಗಿಡಾ ಮುಟ್ಟಿಕೋಂತ ನಿಂತ್ರ ರೊಟ್ಟಿ ಯಾರು ಬಡೀತಾರ?" ಎಂದರು ಅತ್ತೆ.

ಬೇಸಿಗೆಯಲ್ಲಿ ಹಣ್ಣು ಬಲಿತವು. ಒಂದು ಬೆಳಿಗ್ಗೆ ಅತ್ತೆ, ನಾನು ಹೊಲಕ್ಕೆ ಹೋದರೆ ಗಿಡದ ಕೆಳಗೆ ಹಣ್ಣು ಉದುರಿಸುವ ಉದ್ದನೆಯ ಗಳ ಹಿಡಿದ ಆಳುಗಳು. ರಸ್ತೆ ಬದಿಯ ಸರಕಾರಿ ಹುಣಸೆಗಳ ಫಲವನ್ನು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಗುತ್ತಿಗೆದಾರ ಅವರನ್ನು ಕರೆತಂದಿದ್ದ.

"ಯಾರ ಗಿಡಕ್ಕ ಗಳಾ ಹಾಕಾಕತ್ತೀರಿ? ಇದು ನಮ್ಮ ಮನಿ ಗಿಡ!" ಅತ್ತೆಯ ದನಿ ಊರಿಗೆ ಕೇಳುವಂತಿತ್ತು.

"ಸರಕಾರದ್ದರಿ ಯವ್ವಾ. ಪಟ್ಟಿ ಐತಿ ನೋಡ್ರಿ," ಎಂದ ಗುತ್ತಿಗೆದಾರ.

"ಪಟ್ಟಿ ನಾ ಎಳದೇನಿ."

"ಸ್ವಂತ ಗಿಡ ಆಗಿದ್ರ ಸುಣ್ಣಾ ಯಾಕ ಹಚ್ಚಿದ್ರಿ?"

ಬಸ್ಸಿನಿಂದ ಹಿಡಿದು ಕಂಡಕಂಡವರನ್ನು ನಾನು ಕೇಳಿದ ಪ್ರಶ್ನೆಯೇ ಅದು. ಅತ್ತೆ ಮಾತ್ರ ಹಿಂದೆಮುಂದೆ ನೋಡಲಿಲ್ಲ. "ಗ್ವಾಡಿಗೆ ಸುಣ್ಣಾ ಹಚ್ಚಿದ್ರ ಮನಿ ಸರಕಾರದ್ದಾಗತೈತೇನು?"

ಆಳುಗಳು ಕಿಸಕ್ಕನೆ ನಕ್ಕರು. ಗುತ್ತಿಗೆದಾರ ಗಂಟುಮೋರೆ ಹಾಕಿಕೊಂಡು, "ಹೆಣ್ಮಕ್ಕಳ ಕೂಡ ವಾದ ಬ್ಯಾಡ. ಯಜಮಾನರನ್ನ ಕರೀರಿ," ಎಂದ.

ಮಾವನನ್ನು ಕರೆಯಲು ನಾನೇ ಓಡಿದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದೆ, ಅವರು ಧೋತರದ ಚುಂಗು ಹಿಡಿದು ದಾಪುಗಾಲು ಹಾಕುತ್ತಿದ್ದರು. ನನಗೆ ಗುತ್ತಿಗೆದಾರನಿಗಿಂತ ಅವರದೇ ಭಯ. ಇದು ನನ್ನ ಗಿಡ ಎಂದು ಅವರು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹಣ್ಣು ಮನೆಗೆ ಬರುತ್ತಿತ್ತು. ಆದರೆ ಆಮೇಲೆ ಅತ್ತೆಯದು ಅಂತ ಆ ಊರಲ್ಲಿ ಏನೂ ಉಳಿಯುತ್ತಿರಲಿಲ್ಲ.

"ಯಜಮಾನ್ರ, ನೀವ ಹೇಳಿಬಿಡ್ರಿ. ಗಿಡ ನಿಮ್ಮದೇನ್ರಿ?" ನಾವು ಹೊಲ ಮುಟ್ಟುತ್ತಲೇ ಗುತ್ತಿಗೆದಾರ ಕೇಳಿದ.

ಮಾವ ಕೆಮ್ಮಣ್ಣಿನ ಪಟ್ಟಿಯನ್ನು ನೋಡಿದರು. "ನಂದಲ್ಲ," ಎಂದರು.

ಗುತ್ತಿಗೆದಾರ ಆಳುಗಳಿಗೆ ಕೈ ಮಾಡಿದ. ಅತ್ತೆ ಮಾವನನ್ನೇ ನೋಡುತ್ತ ನಿಂತುಬಿಟ್ಟರು.

"ತಡೀರಿ. ನಂದಲ್ಲ ಅಂದೆ, ಸರಕಾರದ್ದು ಅನಲಿಲ್ಲ. ಆಕಿ ತವರಿಂದ ತಂದು ಹಚ್ಚಿದ್ದು, ಆಕಿ ನೀರ ಹೊತ್ತದ್ದು. ಏನ್ ಕೇಳೂದಿದ್ರೂ ಆಕಿನ್ನ ಕೇಳ್ರಿ."

ಗುತ್ತಿಗೆದಾರ ಅತ್ತೆಯ ಕಡೆ ತಿರುಗಿದ. ಅಷ್ಟು ಹೊತ್ತು ಕೂಗಾಡಿದ್ದ ಅತ್ತೆ ಈಗ ಗಿಡದ ಮಗ್ಗುಲಿಗೆ ಬಂದು ನಿಂತರು. ಸೆರಗನ್ನು ತಲೆಗೆ ಎಳೆದುಕೊಂಡು ಸರಿಮಾಡಿಕೊಂಡರು.

"ನಂದು," ಎಂದರು, ಗುತ್ತಿಗೆದಾರನನ್ನಲ್ಲ, ಮಾವನನ್ನು ನೋಡುತ್ತ. ಆಳುಗಳು ಗಳ ಇಳಿಸಿದರು.