ಹಗ್ಗದ ಮುಂದೆ ನಡೆದ ಮಾಮ್ಮಗಾರು

ಒಂದು ಆಟೋದಲ್ಲಿ ಹದಿನಾಲ್ಕು ಮಕ್ಕಳು. ಸುಳ್ಳಲ್ಲ, ಬಾಲ್ಕನಿಯಲ್ಲಿ ನಿಂತು ಎರಡು ಸಲ ಎಣಿಸಿದೆ. ಸೀಟಿನ ಮೇಲೊಂದು ಸಾಲು, ಅದರೆದುರು ಹಲಗೆಯ ಮೇಲೊಂದು ಸಾಲು, ಡ್ರೈವರನ ಎರಡೂ ಮಗ್ಗುಲಿಗೆ ಅರ್ಧಂಬರ್ಧ ಕೂತ ಇಬ್ಬರು. ಪಾಟಿಚೀಲಗಳು ಹೊರಗೆ ಜೋತಾಡುತ್ತಿದ್ದವು. ಯಜಮಾನರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ಗದಗಿನಿಂದ ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದ ಮರುದಿನ ಬೆಳಿಗ್ಗೆ ನಾನು ಕಂಡದ್ದು ಸಮುದ್ರವನ್ನಲ್ಲ, ಇದನ್ನು.

ಗದಗಿನಲ್ಲಿ ನನ್ನ ಮಗಳು ಪಲ್ಲವಿ ಓಣಿಯ ಹುಡುಗರ ಜತೆ ನಡೆದೇ ಶಾಲೆಗೆ ಹೋಗುತ್ತಿದ್ದಳು. ಇಲ್ಲಿ ಶಾಲೆ ಅದಕ್ಕಿಂತ ಹತ್ತಿರ. ಆದರೂ ಮಕ್ಕಳನ್ನು ನಡೆಸುವುದೆಂದರೆ ಅಪಾರ್ಟ್‌ಮೆಂಟಿನವರಿಗೆ ಮರ್ಯಾದೆಯ ಪ್ರಶ್ನೆ. ನಾನೂ ಬಾಯಿ ಮುಚ್ಚಿಕೊಂಡು ಆಟೋಕ್ಕೆ ಹಾಕಿದೆ. ಮೂರನೇ ವಾರ, ಪಕ್ಕದಲ್ಲಿ ನುಗ್ಗಿದ ಸ್ಕೂಟರಿಗೆ ಉಜ್ಜಿ ಅವಳ ಮೊಣಕಾಲಿನ ಕೆಳಗಿನ ಚರ್ಮ ಕಿತ್ತುಬಂತು. ಹುಡುಗಿಯೇ ಕಾಲು ಒಳಗಿಟ್ಟುಕೊಳ್ಳಬೇಕಿತ್ತು ಎಂದ ಡ್ರೈವರ್. ಇಡಲು ಜಾಗವೆಲ್ಲಿತ್ತು? ಅವತ್ತು ನನ್ನ ಪಿತ್ತ ನೆತ್ತಿಗೇರಿತು.

ದಾರಿ ತೋರಿಸಿದವರು ಕೆಳಮನೆಯ ಮಾಮ್ಮಗಾರು. ಮಾಮ್ಮ ಎಂದರೆ ಈ ಕಡೆ ಅಜ್ಜಿ. ‘ಗಾರು’ ನಮ್ಮ ‘ಅವರು’ ಇದ್ದ ಹಾಗೆ. ವಿಜಯವಾಡದ ಪಟಮಟದಲ್ಲಿ ಶಾಲೆ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಬಟ್ಟೆ ಒಣಹಾಕುವ ನೈಲಾನ್ ಹಗ್ಗಕ್ಕೆ ಮೊಳಕ್ಕೊಂದು ಗಂಟು ಹಾಕಿದರು, ಒಂದೊಂದು ಗಂಟು ಹಿಡಿದು ಒಂದೊಂದು ಮಗು. ಮುಂದೆ ಅವರು, ಹಿಂದೆ ನಾನು. ದೊಡ್ಡ ರಸ್ತೆಯಲ್ಲಿ ಅವರು ಕೊಡೆ ಎತ್ತಿ ಹಿಡಿದರೆ ಸಿಟಿ ಬಸ್ಸೂ ನಿಲ್ಲುತ್ತಿತ್ತು. ನನ್ನ ಹರಕುಮುರುಕು ತೆಲುಗನ್ನು ಆ ಮಕ್ಕಳೇ ನಕ್ಕು ನಕ್ಕು ತಿದ್ದಿದರು. ಎರಡು ತಿಂಗಳಲ್ಲಿ ಹಗ್ಗ ಹಿಡಿಯುವ ಮಕ್ಕಳು ಏಳಾದರು. ಈ ಊರಲ್ಲಿ ನನಗೂ ಒಂದು ಕೆಲಸವಿದೆ ಎಂದು ಮೊದಲ ಸಲ ಅನ್ನಿಸಿತು.

ವಾರ್ಷಿಕ ಪರೀಕ್ಷೆ ಬಂತು. ಹಿಂದಿನ ದಿನ ಮೇಲಿನ ಮನೆಯಾಕೆ ಗೋಂಗೂರ ಪಚ್ಚಡಿಯ ಬಟ್ಟಲು ಹಿಡಿದು ಬಂದರು. ನಮ್ಮ ಪುಂಡಿಪಲ್ಲೆಯ ಚಟ್ನಿಯೇ ಅದು. ಕುಶಲ ಕೇಳಿದರು, ಪಲ್ಲವಿಯ ತೆಲುಗನ್ನು ಹೊಗಳಿದರು, ಆಮೇಲೆ ಮೆಲ್ಲಗೆ “ಪಿಲ್ಲಲಕಿ ಪರೀಕ್ಷಲು ಕದಂಡಿ” ಎಂದರು. ಮಕ್ಕಳಿಗೆ ಪರೀಕ್ಷೆ ಅಲ್ಲವೇ. ಹೊರಡುವ ಹೊತ್ತಿಗೆ ಗೇಟಿನಲ್ಲಿ ವಿಧವೆ ಎದುರಾಗುವುದು ಬೇಡ, ಮಾಮ್ಮಗಾರು ತಿರುವಿನ ಆಚೆಯಿಂದ ಬಂದು ಹಿಂದೆ ಸೇರಿಕೊಳ್ಳಲಿ. ಇಲ್ಲದಿದ್ದರೆ ತಮ್ಮ ಮಕ್ಕಳಿಗೆ ಮತ್ತೆ ಆಟೋ ಎಂದರು.

ಎಂಥ ಮರ್ಯಾದೆ ನೋಡಿ. ಬಾಯಲ್ಲಿ ಗಾರು, ಮನಸ್ಸಿನಲ್ಲಿ ಅಪಶಕುನ. ದಿನಾ ಬಸ್ಸಿಗೆ ಅಡ್ಡ ನಿಂತು ನಿಮ್ಮ ಮಕ್ಕಳನ್ನು ದಾಟಿಸುವಾಗ ಆಕೆ ವಿಧವೆಯಾಗಿರಲಿಲ್ಲವೇ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಪರವೂರು, ನಾವ್ಯಾಕೆ ನಿಷ್ಠುರ ಕಟ್ಟಿಕೊಳ್ಳಬೇಕು ಎಂದುಕೊಂಡು ನಾನೇ ಹೋಗಿ ಮಾಮ್ಮಗಾರಿಗೆ ಹೇಳಿ ಬಂದೆ. “ಪರ್ವಾಲೇದಮ್ಮಾ” ಎಂದರು, ಅಡ್ಡಿಯಿಲ್ಲ ಅಂತ. ಮರುದಿನ ನಾವು ತಿರುವು ದಾಟುವವರೆಗೆ ಅವರು ಇಸ್ತ್ರಿ ಗಾಡಿಯ ಪಕ್ಕ ಗೋಡೆಗೆ ಮುಖ ಮಾಡಿ ನಿಂತಿದ್ದರು.

“ಮಾಮ್ಮಗಾರಿಗೆ ಯಾಕ ಪನಿಶ್‌ಮೆಂಟ್ ಕೊಟ್ಟಾರಮ್ಮಾ?” ಎಂದು ಪಲ್ಲವಿ ಕೇಳಿದಳು.

ಸಂಜೆ ಗದಗಿಗೆ ಫೋನ್ ಹಚ್ಚಿ, ಈ ಊರಿನವರು ಹಿಂಗ ನೋಡವ್ವಾ ಎಂದು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡೆ. ಅವ್ವ ಪೂರ್ತಿ ಕೇಳಿದಳು. “ಛಲೋ ಮಾಡಿದಿ ಬಿಡು. ಪರೀಕ್ಷಾ ದಿನ ಎದುರು ಯಾರು ಬರ್ತಾರ ನೋಡಬೇಕಾಗತೈತಿ. ನಿನ್ನ ಪರೀಕ್ಷಾ ಇದ್ದಾಗ ನಿಮ್ಮ ಸಣ್ಣವ್ವನ್ನ ನಾ ಅಡಿಗಿಮನ್ಯಾಗ ಕುಂಡ್ರಸ್ತಿದ್ದಿಲ್ಲೇನು?”

ಕೂರಿಸುತ್ತಿದ್ದಳು. ಗಂಡನನ್ನು ಕಳಕೊಂಡು ನಮ್ಮಲ್ಲೇ ಇದ್ದ ಸಣ್ಣವ್ವ, ಹತ್ತನೇ ಇಯತ್ತೆಯ ಪರೀಕ್ಷೆಯ ಅಷ್ಟೂ ದಿನ ನನಗೆ ಬುತ್ತಿ ಕಟ್ಟಿಟ್ಟು ಬಾಗಿಲ ಹಿಂದೆ ಸರಿಯುತ್ತಿದ್ದಳು. ಯಾಕೆಂದು ಒಂದು ದಿನವೂ ನಾನು ಕೇಳಿರಲಿಲ್ಲ. ಅದು ನನ್ನದೇ ಊರು, ಅಲ್ಲಿ ಪರವೂರು ಎಂಬ ನೆಪವೂ ಇರಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟಿಗೆ ಅನ್ನ ಸೇರಲಿಲ್ಲ.

ಬೆಳಿಗ್ಗೆ ಪಲ್ಲವಿಯನ್ನು ಕರೆದುಕೊಂಡು ಕೆಳಮನೆಯ ಬಾಗಿಲು ಬಡಿದೆ. ಅವತ್ತು ಗಣಿತ. ಮಾಮ್ಮಗಾರು ಹಿಂದೆ ಸರಿದರು. “ಎವರೈನಾ ಫೇಲೈತೇ ನನ್ನೇ ಅಂಟಾರಮ್ಮಾ.” ಯಾರಾದರೂ ಫೇಲಾದರೆ ನನ್ನನ್ನೇ ಅನ್ನುತ್ತಾರೆ ತಾಯಿ. ನನ್ನ ಮಗಳು ಫೇಲಾದರೆ ಆಗಲಿ ಎಂದು ಬಂದಷ್ಟು ತೆಲುಗಿನಲ್ಲಿ ಹೇಳಿದೆ. ಪಲ್ಲವಿ ಗಾಬರಿಯಿಂದ ನನ್ನ ಮುಖ ನೋಡಿದಳು. ಆದರೂ ಹಗ್ಗದ ತುದಿಯನ್ನು ಅವರ ಕೈಗಿಟ್ಟಳು. ಗೇಟಿನಲ್ಲಿ ನಾಲ್ಕು ಮಕ್ಕಳನ್ನು ಅಮ್ಮಂದಿರು ಹಗ್ಗದಿಂದ ಬಿಡಿಸಿಕೊಂಡು ಹೋಗಿ ಆಟೋ ಹತ್ತಿಸಿದರು. ಉಳಿದ ಮೂವರೊಂದಿಗೆ ಹೊರಟೆವು, ಮಾಮ್ಮಗಾರು ಮುಂದೆ.

ಸಂಜೆ ಅವ್ವನೇ ಫೋನ್ ಮಾಡಿದಳು. “ಇವತ್ತ ಎದುರು ಯಾರು ಬಂದಿದ್ರು?”

“ಮಾಮ್ಮಗಾರು. ನಾನ ಕರಕೊಂಡು ಬಂದೆ.”

ಅವ್ವ ಫೋನ್ ಇಟ್ಟಳು. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಆಗಲೇ ಮುಖ ತಿರುಗಿಸಿ ಹೋಗಿದ್ದರು. ಒಂದೇ ದಿನದಲ್ಲಿ ಎರಡು ಊರಿಗೂ ಬೇಡವಾದವಳಾದೆ. ಸಣ್ಣವ್ವನಿಗೆ ಕಾಗದ ಬರೆಯಲು ಕೂತೆ. ಆಕೆಗೆ ಓದು ಬಾರದು; ಓದಿ ಹೇಳಬೇಕಾದವಳು ಜತೆಗಿರುವ ನಮ್ಮವ್ವ. ಆದರೂ ಬರೆದೆ.