ಅತ್ತೆಯ ಸೀಟಿನ ಕೆಳಗಿನ ಡೊಳ್ಳು

ನಮ್ಮ ಅತ್ತೆಯ ಕಿವಿ ಮಂದವಾಗಿ ಕೆಲವು ವರ್ಷಗಳಾದವು. ಎಷ್ಟು ಮಂದ ಎಂಬುದನ್ನು ಮಾತ್ರ ಸೊಲ್ಲಾಪುರದ ಯಾವ ಡಾಕ್ಟರಿಗೂ ಖಚಿತವಾಗಿ ಹೇಳಲಾಗಿಲ್ಲ. ಪಕ್ಕದಲ್ಲೇ ನಿಂತು "ಅವ್ವಾ, ಗುಳಿಗಿ ತಗೊಂಡ್ಯಾ?" ಎಂದು ಮಗ ಕೂಗಿದರೆ ಅವರಿಗೆ ಕೇಳಿಸದು. ಅಡುಗೆಮನೆಯಲ್ಲಿ ನಾನು ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆದರೆ ಹೊರಗಿನ ಕಟ್ಟೆಯಿಂದ "ನನಗೂ ಒಂದೀಟು ಹಾಕವ್ವಾ" ಎಂಬ ದನಿ ಬರುತ್ತದೆ. ಕಿವಿಗೆ ಹಾಕುವ ಮಶೀನು ತಂದುಕೊಟ್ಟೆವು. ಅದರಲ್ಲಿ ಕುಕ್ಕರಿನ ಸೀಟಿ ಬಿಟ್ಟು ಬೇರೇನೂ ಕೇಳುವುದಿಲ್ಲವೆಂದು ಹೇಳಿ ಕಪಾಟಿನಲ್ಲಿಟ್ಟರು.

ಅತ್ತೆಯ ತವರು ಅಕ್ಕಲಕೋಟ ತಾಲ್ಲೂಕಿನ ಕುರನೂರ. ಕುರಿ ಸಾಕುವ ಮನೆತನ, ಬೀರೋಬ ದೇವರ ಒಕ್ಕಲು. ಅವರ ಅಪ್ಪ ಡೊಳ್ಳು ಬಾರಿಸುವುದರಲ್ಲಿ ಹೆಸರಾದವರು. ಹುಲಜಂತಿಯ ಜಾತ್ರೆಗೆ ಹೋದಾಗ ಬೇರೆ ಊರಿನವರೂ ಬಂದು ಅವರ ಡೊಳ್ಳಿನ ಹತ್ತಿರ ನಿಲ್ಲುತ್ತಿದ್ದರಂತೆ. ಸಣ್ಣವಳಿದ್ದಾಗ ಡೊಳ್ಳಿನ ಸಪ್ಪಳದಲ್ಲೇ ತನಗೆ ನಿದ್ದೆ ಹತ್ತುತ್ತಿತ್ತೆಂದು ಅತ್ತೆ ಹೇಳುತ್ತಾರೆ. ಕಿವಿ ಹೋದದ್ದರಿಂದ ಅವರು ನಿಜವಾಗಿ ಬೇಸರಪಟ್ಟುಕೊಂಡದ್ದು ಆ ಡೊಳ್ಳಿನ ವಿಷಯಕ್ಕೆ ಮಾತ್ರ. ಉಳಿದಂತೆ, ನಮ್ಮೆಲ್ಲರ ಮಾತು ಕೇಳದಿರುವುದು ಅವರಿಗೆ ಒಂದು ಅನುಕೂಲವೇ ಆಗಿತ್ತು.

ಒಮ್ಮೆ ತಡವಳದ ಸಂಬಂಧಿಕರ ಮನೆಯಿಂದ ಅವರದೇ ಜೀಪಿನಲ್ಲಿ ನಾವಿಬ್ಬರೂ ಸೊಲ್ಲಾಪುರಕ್ಕೆ ಬಂದೆವು. ಆ ಜೀಪಿನ ಹಿಂದಿನ ಸೀಟಿನ ಬೆನ್ನಿಗೇ ದೊಡ್ಡದೊಂದು ಬೇಸ್ ಸ್ಪೀಕರಿನ ಪೆಟ್ಟಿಗೆ ಇತ್ತು. ಡ್ರೈವರು ಡೊಳ್ಳಿನ ಪದ ಹಚ್ಚಿದ. ನನಗೆ ತಲೆ ಸಿಡಿಯತೊಡಗಿತು. ನಿಲ್ಲಿಸಲು ಹೇಳಬೇಕೆಂದು ಅತ್ತೆಯ ಕಡೆ ನೋಡಿದರೆ, ಅವರು ಬೆನ್ನನ್ನು ಸೀಟಿಗೆ ಗಟ್ಟಿಯಾಗಿ ಒತ್ತಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು. ತಾಳ ಒಂದಿಷ್ಟೂ ತಪ್ಪಿರಲಿಲ್ಲ.

"ಅತ್ತಿ, ಕೇಳಸಾಕತ್ತೈತೇನ್ರಿ?" ಎಂದೆ.

"ಕಿವಿಗಿ ಇಲ್ಲವ್ವಾ, ಬೆನ್ನಿಗಿ ಕೇಳಸಾಕತ್ತೈತಿ," ಎಂದರು.

ಮನೆ ಸೇರಿದ ಮೇಲೆ ಚಹಾ ಕುಡಿಯುವ ಮೊದಲೇ ಮಗನಿಗೆ ಆಜ್ಞೆಯಾಯಿತು. ನಮ್ಮ ಕಾರಿಗೂ ಅಂಥದ್ದು ಬೇಕು.

ನನ್ನ ಗಂಡನದು ಟವೆಲುಗಳ ಹೋಲ್‌ಸೇಲ್ ಅಂಗಡಿ. ಸ್ವಭಾವದಲ್ಲಿ ಬಹಳ ಎಚ್ಚರದ ಮನುಷ್ಯ. ಕಾರಿನ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅದು ತಾನಾಗಿ ಹರಿದು ಉದುರುವವರೆಗೂ ತೆಗೆದವರಲ್ಲ. ಕಂಪನಿಯವರು ಹಾಕಿದ ವೈರಿಗೆ ಹೊರಗಿನವರು ಕೈ ಹಚ್ಚಬಾರದು ಎಂಬುದು ಅವರ ಧರ್ಮ. ಆದರೆ ತಾಯಿಯ ಆಸೆ, ಇಲ್ಲ ಎನ್ನಲಾಗಲಿಲ್ಲ. ವಿಜಾಪುರ ರಸ್ತೆಯಲ್ಲಿ ಕಾರುಗಳಿಗೆ ಸ್ಟೀರಿಯೋ ಹಾಕುವ ಒಂದು ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು ತಲೆಯ ಮೇಲೆ ತಂಪು ಕನ್ನಡಕ ಏರಿಸಿಕೊಂಡ ಮಾತುಗಾರ. ಅವನ ಸ್ವಂತ ಕಾರಿನಲ್ಲಿ ಹಾಡು ಹಚ್ಚಿದರೆ ಪಕ್ಕದ ಚಹಾದಂಗಡಿಯ ಕಪ್ಪುಗಳು ಕುಣಿಯುತ್ತಿದ್ದವು.

ಮುಂದಿನ ಸೀಟಿನ ಕೆಳಗೆ ಕೂರುವಂಥ ಆಂಪ್ಲಿಫೈಯರನ್ನೂ ಅದರ ಜೊತೆಗೆ ಚಪ್ಪಟೆಯಾದ ಬೇಸ್ ಪೆಟ್ಟಿಗೆಯನ್ನೂ ಅವನು ತೋರಿಸಿದ. "ಆದ್ರ ಶೇಟ್, ಇದಕ್ಕ ಬ್ಯಾಟರಿಯಿಂದ ಸೀದಾ ದಪ್ಪ ಕೇಬಲ್ ತರಬೇಕಾಗ್ತೈತಿ ನೋಡ್ರಿ," ಎಂದ.

"ಯಾಕ? ಒಳಗ ವೈರ್ ಐತಲ್ಲ."

"ಅದು ರೇಡಿಯೋದ ವೈರ್ರಿ. ರೇಡಿಯೋಕ್ಕ ಆಗೋವಷ್ಟ ದಪ್ಪ ಐತಿ. ಬರೇ ಬಾಗಲದಾನ ಸ್ಪೀಕರ್ ಬದಲಿ ಮಾಡೋದಿದ್ರ ಅದ ಸಾಕಿತ್ತು. ಆಂಪ್ಲಿ ಅಂದ್ಮ್ಯಾಲ ಅದರ ಊಟ ಬ್ಯಾರೇನ."

"ರೇಡಿಯೋಕ್ಕೂ ಕರೆಂಟ, ಇದಕ್ಕೂ ಕರೆಂಟ. ಇದ್ದ ವೈರಿಗೇ ಜೋಡ್ಸು. ಬಾನೆಟ್ ಒಳಗ ಕೈ ಹಾಕಬ್ಯಾಡ."

ಅಂಗಡಿಯವನು ಒಂದು ಕ್ಷಣ ನನ್ನ ಮುಖ ನೋಡಿ, "ತುಮಚಿ ಮರ್ಜಿ, ಶೇಟ್," ನಿಮ್ಮಿಷ್ಟ ಎಂದು ಮರಾಠಿಯಲ್ಲಿ ಹೇಳಿ ಕೆಲಸಕ್ಕೆ ಕೂತ. ಗಿರಾಕಿಯ ಜೊತೆ ಜಗಳವಾಡುವವನಲ್ಲ ಅವನು. ತಿರುಗಿ ಬಂದೇ ಬರುತ್ತಾರೆಂದು ಅವನಿಗೆ ಗೊತ್ತಿದ್ದಿರಬೇಕು.

ಸಣ್ಣ ದನಿಯ ಭಜನೆಗಳಿಗೆ ಏನೂ ತೊಂದರೆಯಾಗಲಿಲ್ಲ. ಡೊಳ್ಳು ಶುರುವಾದಾಗ ತಮಾಷೆ ಕಾಣಿಸಿತು. ಒಂದೊಂದು ಪೆಟ್ಟಿಗೂ ಮೀಟರಿನ ದೀಪಗಳು ಮಂಕಾಗಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಜೋರು ಪೆಟ್ಟು ಬಿದ್ದರೆ ಪ್ಲೇಯರು ಒಮ್ಮೆ ಸತ್ತು ಬದುಕಿ ಹಾಡನ್ನು ಮೊದಲಿನಿಂದ ಹಾಡತೊಡಗುತ್ತಿತ್ತು. ಹೀಗಾಗಿ ನಮ್ಮ ಕಾರಿನಲ್ಲಿ ಯಾವ ಪದವೂ ಮೊದಲ ನುಡಿ ದಾಟಿ ಮುಂದೆ ಹೋಗಲೇ ಇಲ್ಲ. ಅತ್ತೆಗೆ ಅದು ಗೊತ್ತಾಗಲಿಲ್ಲ. ಹಾಡುವವರು ನಡುನಡುವೆ ದಮ್ಮು ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದರು. ನನ್ನ ಗಂಡನಿಗೆ ಗೊತ್ತಾಗಿತ್ತು. ಆದರೆ ಒಪ್ಪಿಕೊಂಡರೆ ಅಂಗಡಿಯವನು ಗೆದ್ದಂತಾಗುತ್ತದೆಂದು, "ಹೊಸಾದಲ್ಲ, ರೂಢಿ ಆಗಬೇಕು," ಎನ್ನುತ್ತಿದ್ದರು. ವೈರಿಗೆ ರೂಢಿಯಾಗುತ್ತದೆಂದು ನಾನು ಕೇಳಿದ್ದು ಅದೇ ಮೊದಲು.

ರೂಢಿಯಾಗುವ ಮೊದಲೇ ಒಂದು ಮುಂಜಾನೆ ಅಕ್ಕಲಕೋಟದ ದಾರಿಯಲ್ಲಿ ಕಾರಿನೊಳಗೆ ಕರಕು ವಾಸನೆ ಬಂತು. ನಾನು ರೊಟ್ಟಿಯ ಗಂಟು ಮೂಸಿ ನೋಡಿದೆ, ಅದಲ್ಲ. ಅಷ್ಟರಲ್ಲಿ ಫಟ್ಟೆಂದು ಪ್ಲೇಯರು ಆರಿತು. ಫ್ಯೂಸು ಹೋಗಿತ್ತು. ನಮ್ಮ ಹಳೆಯ ಕಾರಿನಲ್ಲಿ ಹಾರ್ನಿಗೂ ಅದೇ ಫ್ಯೂಸು ಎಂಬುದು ತಿಳಿದದ್ದು ಮುಂದೆ ಕುರಿಗಳ ಹಿಂಡೊಂದು ರಸ್ತೆ ತುಂಬ ಹರಡಿಕೊಂಡು ಬಂದಾಗ. ನನ್ನ ಗಂಡ ಹಾರ್ನ್ ಒತ್ತಿದರು, ಸದ್ದಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ "ಏ, ಸರೀರಿ, ಸರೀರಿ" ಎಂದು ಕೂಗಿದರು. ಕುರಿಗಳಿಗೂ ಬಹುವಚನ ಬಳಸಿದ್ದು ಅಂಗಡಿಯ ಅಭ್ಯಾಸ. ಕುರಿಗಳು ನಿಂತು ಅವರನ್ನೇ ನೋಡಿದವು.

ಆಗ ಅತ್ತೆ ಬಾಗಿಲು ತೆಗೆದು ಇಳಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು ವಿಚಿತ್ರವಾದ ಒಂದು ಸದ್ದು ಮಾಡಿ, "ಹುರ್ರ್ಯಾ ಹುರ್ರ್ಯಾ" ಎಂದರು. ಹಿಂಡು ಹಿಂಡೇ ಎಡಕ್ಕೆ ಸರಿಯಿತು. ಹಿಂದೆ ಬರುತ್ತಿದ್ದ ಕುರುಬನು ಬೆರಗಾಗಿ ಕೈ ಮುಗಿದ. ಅತ್ತೆ ಮರಳಿ ಬಂದು ಕೂತು, "ನಡಿಯಪ್ಪಾ," ಎಂದರು.

ಅಪಮಾನವಾದದ್ದು ಮಗನಿಗೆ. ಅಕ್ಕಲಕೋಟದಲ್ಲಿ ಯಾರಿಂದಲೋ ಫ್ಯೂಸು ಹಾಕಿಸಿ, ಪೆಟ್ಟಿಗೆಯ ವೈರು ಬಿಚ್ಚಿಸಿ, ಮನೆಗೆ ಬಂದವರೇ ನನಗೆ ಹೇಳಿದರು: "ನನಗ ಅಂಗಡಿ ಬಿಟ್ಟು ಬರಾಕ ಆಗೂದಿಲ್ಲ. ನಾಳಿ ನೀ ಕಾರ್ ತಗೊಂಡ ಹೋಗಿ ಎಲ್ಲಾ ತಗಿಸಿಕೊಂಡ ಬಾ. ಅವ್ವಗ ಹೇಳಬ್ಯಾಡ."

ಅವ್ವ ಪಕ್ಕದ ಕೋಣೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಮರುದಿನ ನಾನು ಕೀಲಿ ಹಿಡಿದು ಹೊರಗೆ ಬರುವಷ್ಟರಲ್ಲಿ ಅವರು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

"ನೀವು ಎಲ್ಲಿಗ್ರಿ ಅತ್ತಿ?"

"ತಗಿಸಾಕ ಹೊಂಟೀವಲ್ಲ," ಎಂದರು.

ಅಂಗಡಿಯವನು ನಮ್ಮನ್ನು ನೋಡಿ ನಕ್ಕ. ಡ್ಯಾಶ್‌ಬೋರ್ಡಿನ ಹಿಂದಿನಿಂದ ವೈರು ಎಳೆದು ತೋರಿಸಿದ. ಮೇಲಿನ ಪ್ಲಾಸ್ಟಿಕ್ಕು ಕಾಯ್ದು ಹಪ್ಪಳದಂತೆ ಉಬ್ಬಿತ್ತು. ಅತ್ತೆಯ ಕಿವಿಯ ಬಳಿ ಬಾಗಿ ದೊಡ್ಡ ದನಿಯಲ್ಲಿ, "ಆಜೀ, ಧರಣದ ನೀರು ಸಲಾಯಿನ್ ನಳಿಗ್ಯಾಗ ಬಿಟ್ಟಂಗ ಆಗೈತ್ರಿ," ಎಂದ. ಧರಣವೆಂದರೆ ಅಣೆಕಟ್ಟು. ಕುರನೂರಿನ ಧರಣದ ದಂಡೆಯಲ್ಲಿ ಬೆಳೆದ ಅತ್ತೆಗೆ ಇದಕ್ಕಿಂತ ಚೆನ್ನಾಗಿ ಯಾರೂ ತಿಳಿಸಲಾರರು. ಅವರು ತಲೆಯಾಡಿಸಿ, "ಹಂಗಾರ ಈ ನಳಿಗಿ ತಗಿ. ದಪ್ಪಂದು ಹಾಕು," ಎಂದರು.

ನಾನು ನಡುವೆ ಬಾಯಿ ಹಾಕಿದೆ. "ಅತ್ತಿ, ಅವರು ಎಲ್ಲಾ ತಗಿಸು ಅಂದಾರ್ರಿ."

"ಏನಂದಿ? ಕೇಳಸಲಿಲ್ಲ," ಎಂದರು ಅತ್ತೆ.

ನನಗೆ ನಗು ಬಂತು. ನಕ್ಕ ಮೇಲೆ ನಾನೂ ಅವರ ಪಕ್ಷಕ್ಕೆ ಸೇರಿದಂತೆಯೇ. ಅಂಗಡಿಯವನು ಬ್ಯಾಟರಿಯಿಂದ ಬೆರಳಿನಷ್ಟು ದಪ್ಪದ ಕೆಂಪು ಕೇಬಲು ಎಳೆದ. ತಗಡಿನ ಅಂಚು ಕೊರೆಯದಂತೆ ತೂತಿಗೆ ರಬ್ಬರಿನ ಬಳೆ ಕೂರಿಸಿ ಅದನ್ನು ಒಳಗೆ ತಂದ. ಬ್ಯಾಟರಿಗೆ ಅಂಟಿಕೊಂಡಂತೆಯೇ ಒಂದು ಫ್ಯೂಸು ಇಟ್ಟ. ಅಲ್ಲೇ ಏಕೆ ಎಂದು ಕೇಳಿದೆ. "ನಡುವ ಎಲ್ಲ್ಯಾರ ವೈರ್ ತಿಕ್ಕಿ ತಗಡಿಗಿ ಹತ್ತಿತಂದ್ರ ಬುಡದಾಗ ಕಟ್ ಆಗಬೇಕ್ರಿ ವೈನಿ. ಪೆಟಿಗಿ ಬಾಜೂಕ ಫ್ಯೂಸ್ ಇಟ್ರ, ಅದರಕಿಂತ ಮೊದಲಿನ ವೈರ್ ಹೊತ್ತತೈತಿ," ಎಂದ. ಆಮೇಲೆ ಸೀಟಿನ ಕೆಳಗೆ ಬಣ್ಣ ಕೆರೆದು, ಅಷ್ಟೇ ದಪ್ಪದ ಕಪ್ಪು ವೈರನ್ನು ಕಾರಿನ ಮೈಗೆ ಬೋಲ್ಟಿನಿಂದ ಬಿಗಿದ. ಬ್ಯಾಟರಿಯ ಹಳೇ ಅರ್ತಿಂಗ್ ವೈರಿಗೆ ಹಸಿರು ಕಿಲುಬು ಹಿಡಿದಿತ್ತು, ಅದನ್ನೂ ಬದಲಿಸಿದ. ಪೆಟ್ಟಿಗೆಯ ಮೇಲೆ ಅತ್ತೆ ನಮ್ಮ ಅಂಗಡಿಯದೇ ಒಂದು ಕಂದು ಟವೆಲು ಹೊದಿಸಿದರು.

ಸಂಜೆ ನನ್ನ ಗಂಡ ಕೇಳಿದರು. "ತಗಿಸಿದ್ಯಾ?"

"ಆವತ್ತು ಹಾಕಿದ ವೈರ್ ಒಂದೂ ಬಿಡದಂಗ ತಗಿಸಿದ್ವಿರಿ," ಎಂದೆ. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಗಂಡ ಅಂಗಡಿಗೆ ಹೋದ ಮೇಲೆ ಅತ್ತೆ ಚೀಲ ಹಿಡಿದು, "ಬಾ, ಭಾಜಿ ತರೂನು," ಎನ್ನುವರು. ಮನೆಯ ಬುಡದಲ್ಲೇ ತರಕಾರಿ ಸಿಗುತ್ತದೆ, ನಾವು ಮಾತ್ರ ಹೊರವಲಯದ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಡೊಳ್ಳು ಕೇಳಿ, ಒಂದು ಸಿವುಡು ಮೆಂತ್ಯ ತರುತ್ತಿದ್ದೆವು. ಪದಗಳು ಈಗ ಮೊದಲ ನುಡಿ ದಾಟಿ ಕೊನೆಯವರೆಗೂ ಹೋಗುತ್ತಿದ್ದವು. "ದಿನಾ ಮೆಂತ್ಯನ ಯಾಕ ಮಾಡಾಕತ್ತೀರಿ?" ಎಂದು ನನ್ನ ಗಂಡ ಕೇಳಿದರೆ, ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಅತ್ತೆ ಹೇಳಿದರು. ನಮ್ಮ ಮನೆಯಲ್ಲಿ ಯಾರಿಗೂ ಸಕ್ಕರೆ ಕಾಯಿಲೆಯಿಲ್ಲ.

ಇದಕ್ಕಿಂತ ಮಜವೆಂದರೆ ನನ್ನ ಗಂಡನ ಸಂತೋಷ. ಅವರಿದ್ದಾಗ ಪ್ಲೇಯರು ಹಚ್ಚುತ್ತಿರಲಿಲ್ಲ. ಕಾರು ನಡೆಸುವಾಗ ಮೀಟರಿನ ಕಡೆ ಬೆರಳು ತೋರಿಸಿ, "ನೋಡು, ಆ ಪೀಡಾ ತಗಸಿದಮ್ಯಾಲ ದೀಪ ಹೆಂಗ ನಿಚ್ಚಳ ಉರಿಯಾಕತ್ಯಾವ," ಎನ್ನುವರು. ಆ ಪೀಡೆಯ ಮೇಲೇ ಕೂತ ಅತ್ತೆ, ಕೇಳಿಸದವರ ಮುಖ ಮಾಡಿ ಹೊರಗೆ ನೋಡುವರು.

ಇದು ಬಯಲಾದದ್ದು ಕುರನೂರಿನಲ್ಲಿ, ಅತ್ತೆಯ ತಮ್ಮನ ಮಗಳ ಅರಿಶಿನದ ದಿನ. ಮಧ್ಯಾಹ್ನ ಹೆಂಗಸರೆಲ್ಲ ಅಂಗಳದಲ್ಲಿ ಕುಣಿಯಲು ಸೇರಿದ್ದರು. ಬಾಡಿಗೆಗೆ ತಂದ ಸ್ಪೀಕರುಗಳು ಆಳೆತ್ತರ ನಿಂತಿದ್ದವು. ಎರಡು ಹಾಡಾಗುವಷ್ಟರಲ್ಲಿ ಊರಿನ ಕರೆಂಟು ಹೋಯಿತು. ಯಾರೋ ಲೈನ್‌ಮನ್‌ಗೆ ಫೋನು ಮಾಡಿದರು. ಸಂಜೆಯವರೆಗೆ ಬರುವುದಿಲ್ಲವೆಂದು ಗೊತ್ತಾಯಿತು. ಅರಿಶಿನ ಬಳಿದುಕೊಂಡ ಮದುಮಗಳು ಸಪ್ಪೆ ಮುಖ ಮಾಡಿ ಮಣೆಯ ಮೇಲೆ ಕೂತಳು.

ಅತ್ತೆ ಅವಳನ್ನು ಒಂದು ಸಲ ನೋಡಿದರು. ಎದ್ದು ಮಗನ ಬಳಿ ಹೋಗಿ, "ಕಾರು ಅಂಗಳದಾಗ ತಾ," ಎಂದರು.

"ಕಾರ್ ಯಾಕವ್ವಾ? ಅದರಾಗ ಏನೈತಿ?"

"ತಾ ಅಂದ್ರ ತಾ."

ಕಾರು ಬಂತು. ಅತ್ತೆ ನಾಲ್ಕೂ ಬಾಗಿಲು ತೆಗೆಸಿ, ಟವೆಲು ಎಳೆದು ಹೆಗಲಿಗೆ ಹಾಕಿಕೊಂಡು, ನನಗೆ ಕಣ್ಸನ್ನೆ ಮಾಡಿದರು. ನಾನು ಹಚ್ಚಿದೆ. ಡೊಳ್ಳಿನ ಮೊದಲ ಪೆಟ್ಟು ಬಿದ್ದಾಗ ಹಂದರದ ಮೇಲಿನ ಗುಬ್ಬಿಗಳು ಹಾರಿಹೋದವು. ಎರಡನೆಯದಕ್ಕೆ ಹೆಂಗಸರು ಎದ್ದು ನಿಂತರು. ನನ್ನ ಗಂಡ ಮಾತ್ರ ಚಾಲಕನ ಸೀಟಿನಲ್ಲಿ, ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು.

ಸ್ವಲ್ಪ ಹೊತ್ತಿಗೆ ಇಳಿದು ಬಾನೆಟ್ಟು ಎತ್ತಿದರು. ಕೆಂಪು ಕೇಬಲನ್ನು ಬ್ಯಾಟರಿಯಿಂದ ಒಳಗಿನವರೆಗೆ ಕಣ್ಣಿನಿಂದಲೇ ಹಿಂಬಾಲಿಸಿದರು. ಕೈಯಿಂದ ಮುಟ್ಟಿ ನೋಡಿದರು, ಬಿಸಿಯಿರಲಿಲ್ಲ. ನನ್ನ ಕಡೆ ತಿರುಗಿ, "ಎಲ್ಲಾ ತಗಿಸಿದ್ವಿ ಅಂದಿದ್ದೆಲ್ಲ," ಎಂದರು.

"ಹಳೇ ವೈರ್ ಎಲ್ಲಾ ತಗಿಸಿದ್ವಿ ಅಂದಿದ್ದೆರಿ."

ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆಯ ತಮ್ಮ, ಅಂದರೆ ನನ್ನ ಗಂಡನ ಸೋದರಮಾವ, ತೆರೆದ ಬಾಗಿಲಿನಿಂದ ಮೀಟರು ನೋಡಿಕೊಂಡು ಬಂದು ಬಾನೆಟ್ಟಿನೊಳಗೆ ಇಣುಕಿದರು. "ಅಳಿಯಾ, ಇಷ್ಟ ಜೋರ ಬಾರಸಾಕತ್ತೈತಿ, ಮೀಟರ್ ದೀಪ ಒಂದೀಟೂ ಅಳ್ಳಾಡವಲ್ವು. ನಮ್ಮ ಜೀಪಿನ್ಯಾಗ ಮಿಣುಕ್ ಮಿಣುಕ್ ಅಂತಾವ. ಇದನ್ನ ಹೆಂಗ ಮಾಡಿಸಿದಿ?"

ನನ್ನ ಗಂಡ ಒಮ್ಮೆ ಕೆಮ್ಮಿದರು. ಕುಣಿಯುವ ಹೆಂಗಸರ ನಡುವೆ ಸೊಂಟದ ಮೇಲೆ ಕೈಯಿಟ್ಟು ಹೆಜ್ಜೆ ಹಾಕುತ್ತಿದ್ದ ತಾಯಿಯನ್ನು ನೋಡಿದರು.

"ಬ್ಯಾಟರಿಯಿಂದ ಸೀದಾ ತಂದೀವಿ ಮಾಮಾ," ಎಂದರು. "ರೇಡಿಯೋದ ವೈರ್ ಮ್ಯಾಲ ಅಷ್ಟು ಭಾರ ಹಾಕಬಾರ್ದು. ಫ್ಯೂಸ್ ನೋಡ್ರಿ, ಇಲ್ಲೇ ಬುಡದಾಗ ಇಟ್ಟೀವಿ."

ಫ್ಯೂಸು ಏಕೆ ಅಲ್ಲಿದೆ ಎಂದು ಮಾಮ ಕೇಳಿದ್ದರೆ ನನ್ನ ಗಂಡ ಸಿಕ್ಕಿಬೀಳುತ್ತಿದ್ದರು. ಮಾಮ ಕೇಳಲಿಲ್ಲ. ಮಧ್ಯಾಹ್ನವೆಲ್ಲ ನನ್ನ ಗಂಡ ಕಾರಿನ ಪಕ್ಕದಲ್ಲೇ ನಿಂತು, ಇಂಜಿನ್ ಬಂದ್ ಮಾಡಲು ಬಂದವರನ್ನು ತಡೆಯುತ್ತ, "ಚಾಲೂ ಇರಲಿ, ಇಲ್ಲಾಂದ್ರ ಬ್ಯಾಟರಿ ಕುಂಡ್ರತೈತಿ," ಎಂದು ಎಲ್ಲರಿಗೂ ತಿಳಿಹೇಳುತ್ತಿದ್ದರು. ಅದು ಅವರು ಸ್ವಂತ ಬುದ್ಧಿಯಿಂದ ಹೇಳಿದ್ದು, ಸರಿಯಾಗಿಯೂ ಇತ್ತು.

ಹೊತ್ತು ಇಳಿಯುವಾಗ ಹೊರಟೆವು. ಧರಣದ ನೀರು ಎಡಕ್ಕೆ ತೆಳ್ಳಗೆ ಹೊಳೆಯುತ್ತಿತ್ತು. ಈಗ ಬೈಗುಳ ಬರುತ್ತದೆಂದು ನಾನು ಹಿಂದಿನ ಸೀಟಿನಲ್ಲಿ ತಯಾರಾಗಿ ಕೂತಿದ್ದೆ. ನನ್ನ ಗಂಡ ಹಾಡಿನ ದನಿಯನ್ನು ಇನ್ನೂ ಸ್ವಲ್ಪ ಏರಿಸಿದರು.

"ಅವ್ವಾ, ಈ ಬಡಿತ ಯಾವುದು?" ಎಂದು ಕೇಳಿದರು. ಕೂಗಿರಲಿಲ್ಲ, ಸಾಧಾರಣ ದನಿಯಲ್ಲೇ ಕೇಳಿದ್ದರು.

ಅತ್ತೆ ಗೇರಿನ ಮೇಲಿದ್ದ ಮಗನ ಕೈಯ ಮೇಲೆ ತಮ್ಮ ಬೆರಳಿಟ್ಟು ಬಡಿದು ತೋರಿಸಿದರು. ತನ್ನ ಅಪ್ಪ ಹೀಗೆ ಶುರು ಮಾಡುತ್ತಿದ್ದ, ನಡುವೆ ಇಲ್ಲಿ ತಡೆಯುತ್ತಿದ್ದ, ಮತ್ತೆ ಹೀಗೆ ಎತ್ತುತ್ತಿದ್ದ ಎಂದು. ಮುಂದೆ ರಸ್ತೆಯಲ್ಲಿ ಉಬ್ಬು ಬಂದಾಗ ಗೇರು ಬದಲಿಸಬೇಕಾಗಿತ್ತು. ನನ್ನ ಗಂಡ ಕೈ ಸರಿಸದೆ ಹಾಗೇ ಮೂರನೇ ಗೇರಿನಲ್ಲಿ ಕಾರನ್ನು ಎತ್ತಿಹಾಕಿ ದಾಟಿಸಿದರು.