ಪೆಟ್ಟಿಗೆಯೊಳಗಿನ ದನಿ: ಎರ್ಸಿಲಿಯಾ ಮೊಂತಾನಾರಿ ಅವರ ಮೇಲಿನ ಒಂದು ಅಪವಾದದ ಕುರಿತು

ಒಪೆರಾ ರಂಗದಲ್ಲಿ ಹೆಸರು ಗಳಿಸಿದವರೆಲ್ಲ ದೀಪದ ಬೆಳಕಿನಲ್ಲಿ ನಿಂತವರು. ಬೊರ್ಗೊಸಾಲ್ಸೊ ಪಟ್ಟಣದ ನಮ್ಮ ರಂಗಮಂದಿರದಲ್ಲಿ ನಲವತ್ತೆರಡು ವರ್ಷ ಪ್ರಾಂಪ್ಟರ್ ಆಗಿ ದುಡಿದು ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಎರ್ಸಿಲಿಯಾ ಮೊಂತಾನಾರಿ ಅವರು ಮಾತ್ರ ಬೆಳಕಿಗೆ ಬೆನ್ನು ಕೊಟ್ಟೇ ಹೆಸರಾದವರು. ವೇದಿಕೆಯ ಅಂಚಿನ ನಟ್ಟನಡುವೆ, ಮೊಣಕಾಲು ಮಡಿಸಿ ಕೂರುವಷ್ಟೇ ಜಾಗವಿರುವ ಮರದ ಪೆಟ್ಟಿಗೆಯೊಂದಿದೆ. ಪ್ರೇಕ್ಷಕರಿಗೆ ಅದರ ಬೆನ್ನು ಕಾಣುತ್ತದೆ, ಗಾಯಕರಿಗೆ ಅದರೊಳಗಿನ ಮುಖ ಕಾಣುತ್ತದೆ. ಪ್ರತಿ ಸಾಲಿನ ಮೊದಲ ಪದವನ್ನು ಗಾಯಕನ ಬಾಯಿಗೆ ಅರೆಕ್ಷಣ ಮುಂಚೆ ಒದಗಿಸುವುದು, ಆದರೆ ಮೊದಲ ಸಾಲಿನ ಕುರ್ಚಿಗೂ ತನ್ನ ದನಿ ಕೇಳಿಸದಂತೆ ನೋಡಿಕೊಳ್ಳುವುದು, ಇದು ಪ್ರಾಂಪ್ಟರ್‌ನ ಕೆಲಸ. ಈ ಕೆಲಸದಲ್ಲಿ ಅವರಿಗೆ ಸಮನಾದವರನ್ನು ನಾನು ಮಿಲಾನಿನಲ್ಲೂ ಕಾಣಲಿಲ್ಲ, ನೇಪಲ್ಸಿನಲ್ಲೂ ಕಾಣಲಿಲ್ಲ.

ಅವರು ಈ ಪೆಟ್ಟಿಗೆಗೆ ಇಳಿದದ್ದು ೧೯೭೧ರಲ್ಲಿ, ತಮ್ಮ ಇಪ್ಪತ್ತೈದನೆಯ ವಯಸ್ಸಿನಲ್ಲಿ. ಸಂಗೀತದ ಗುರುಗಳಿಗೆ ಸಲ್ಲುವ ‘ಮಾಯೆಸ್ತ್ರಾ’ ಎಂಬ ಗೌರವದ ಸಂಬೋಧನೆ ಅವರಿಗೆ ಎರಡೇ ವರ್ಷದಲ್ಲಿ ಅಂಟಿಕೊಂಡಿತು. ಅವರು ಪೆಟ್ಟಿಗೆಯಲ್ಲಿ ತೆರೆದಿಟ್ಟುಕೊಳ್ಳುತ್ತಿದ್ದ ಹಾಡಿನ ಪುಸ್ತಕದ ಅಂಚುಗಳಲ್ಲಿ ಪೆನ್ಸಿಲಿನಿಂದ ಬರೆದ ಟಿಪ್ಪಣಿಗಳನ್ನು ನೋಡುವ ಭಾಗ್ಯ ನನ್ನದಾಗಿತ್ತು. ‘ಇಲ್ಲಿ ಈತ ಕಣ್ಣು ಮುಚ್ಚುತ್ತಾನೆ, ಎರಡು ಸಲ ಹೇಳು.’ ‘ಈಕೆಗೆ ಈ ಪುಟದಲ್ಲಿ ಅಮ್ಮನ ನೆನಪಾಗುತ್ತದೆ, ಮುಗುಳ್ನಗು.’ ಮರೆವು ಹಿಡಿದ ಮುದಿ ಗಾಯಕ ಬೊನೀನಿಯವರನ್ನು ಆಡಳಿತದವರು ಮನೆಗೆ ಕಳಿಸಬೇಕೆಂದಿದ್ದಾಗ, ಒಂದು ಇಡೀ ಚಳಿಗಾಲ ದಿನವೂ ಮಧ್ಯಾಹ್ನ ಅವರ ಅಡುಗೆಮನೆಯಲ್ಲಿ ಕುಳಿತು, ತಾವೇ ಬಟಾಣಿ ಸುಲಿಯುತ್ತ, ಅವರಿಗೆ ಅವರದೇ ಪಾತ್ರವನ್ನು ಮತ್ತೆ ಕಲಿಸಿದವರು ಎರ್ಸಿಲಿಯಾ. ಬೊನೀನಿ ಇನ್ನೂ ಮೂರು ವರ್ಷ ಹಾಡಿದರು.

ಗಾಯಕನಾಗಿ ಮೊದಲ ಸಲ ಅವರ ಎದುರು ನಿಂತಾಗ ನನಗೆ ಇಪ್ಪತ್ತಾರು. ತಾಲೀಮಿನ ಉದ್ದಕ್ಕೂ ಭಯದಿಂದ ಅವರನ್ನೇ ನೋಡುತ್ತಿದ್ದೆ. ತಾಲೀಮು ಮುಗಿದ ಮೇಲೆ ಅವರು ನನ್ನನ್ನು ಪಕ್ಕಕ್ಕೆ ಕರೆದು, “ಒತ್ತಾವಿಯೊ, ನೀನು ಯಾಕಪ್ಪಾ ನನ್ನನ್ನ ಸಾಲ ಕೊಟ್ಟವಳ ಥರ ನೋಡ್ತೀಯಾ? ಪದ ಮರೆತರೆ ನನ್ನ ಕಡೆ ನೋಡು, ಮರೀದಿದ್ರೆ ಹುಡುಗಿ ಕಡೆ ನೋಡು” ಎಂದಿದ್ದರು. ನಾನು ಹುಡುಗಿಯ ಕಡೆಗೇ ಹೆಚ್ಚು ನೋಡಿದೆ. ಅವಳು ನನ್ನೊಡನೆ ಹಾಡುತ್ತಿದ್ದ ವಾಂದಾ. ಮೂರು ವರ್ಷದಲ್ಲಿ ನಾವು ಮದುವೆಯಾದೆವು, ಎರ್ಸಿಲಿಯಾ ಅವರೇ ಅವಳ ಕಡೆಯ ಸಾಕ್ಷಿಯಾಗಿ ಸಹಿ ಹಾಕಿದರು. ಆ ದಿನಗಳಲ್ಲಿ ಅವರಿಬ್ಬರೂ ಒಡಹುಟ್ಟಿದವರಂತೆ ಇದ್ದರು. ಮಂದಿರದ ಎದುರಿನ ಕಾಫಿ ಅಂಗಡಿಯಲ್ಲಿ ಅವರು ನಗುತ್ತಿದ್ದರೆ ಒಳಗಿನ ಬಡಗಿಗಳಿಗೂ ಕೇಳುತ್ತಿತ್ತು.

ಅವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಗ್ರಂಥಕ್ಕಾಗಿ ಸಂಪಾದಕ ಸಮಿತಿಯವರು ಸಿದ್ಧಪಡಿಸಿರುವ ಜೀವನಚರಿತ್ರೆಯಲ್ಲಿ ಒಂದು ಸಾಲಿದೆ: ‘೧೯೮೬ರ ಒಂದು ಪ್ರಮಾದವನ್ನು ಬಿಟ್ಟರೆ ಇವರ ಸೇವೆ ಕಳಂಕರಹಿತವಾದುದು.’ ಬರೆದವರ ಮೇಲೆ ನನಗೆ ಸಿಟ್ಟಿಲ್ಲ, ದಾಖಲೆಯಲ್ಲಿದ್ದದ್ದನ್ನೇ ಬರೆದಿದ್ದಾರೆ. ಸಿಟ್ಟು ನನ್ನ ಮೇಲೆ.

ಆ ವರ್ಷ ನಾವು ಆಡುತ್ತಿದ್ದದ್ದು ‘ನೇಪಲ್ಸಿನ ಮುದ್ರಕ’. ನಮ್ಮ ಊರಿನವರಿಗೆ ಕಥೆ ಹೇಳಬೇಕಾಗಿಲ್ಲ. ಸಾವಿರದ ಏಳುನೂರ ತೊಂಬತ್ತೊಂಬತ್ತರ ಕ್ರಾಂತಿ, ಗಣರಾಜ್ಯದ ಕರಪತ್ರ ಅಚ್ಚುಹಾಕುವ ಕೊರ್ರಾದೊ, ಅವನನ್ನು ಪ್ರೀತಿಸುವ ಲಿವಿಯಾ, ಅವಳಿಗಾಗಿ ಹೊಟ್ಟೆಕಿಚ್ಚಿನಿಂದ ಬೇಯುತ್ತ ಕೊನೆಗೆ ಅವನನ್ನು ಗಲ್ಲಿಗೆ ಕಳಿಸುವ ದಳಪತಿ ರಿನಾಲ್ದೊ. ವಾಂದಾ ಲಿವಿಯಾ ಆಗಿದ್ದಳು. ರೊಮಾಞ್ಞಾ ಕಡೆಯಿಂದ ಬಂದಿದ್ದ ದಾರಿಯೊ ವೆಂತುರೋಲಿ ಎಂಬ ಸುಂದರ ಗಾಯಕ ಕೊರ್ರಾದೊ ಆಗಿದ್ದ. ರಿನಾಲ್ದೊ ನಾನು.

ವೆಂತುರೋಲಿ ಮೊದಲ ವಾರದಲ್ಲೇ ತನ್ನ ಜಾಗ ಬದಲಿಸಿಕೊಂಡ. ನಿರ್ದೇಶಕರು ವಾಂದಾಳ ಬಲಕ್ಕೆ ನಿಲ್ಲಿಸಿದರೆ ಇವನು ಎಡಕ್ಕೆ ಹೋಗುತ್ತಿದ್ದ. ವಾದ್ಯಗಳು ಏರುವ ಹೊತ್ತಿಗೆ ಅವಳ ಕಿವಿಯಲ್ಲಿ ಏನೋ ಉಸುರುತ್ತಿದ್ದ, ಅವಳ ಮಣಿಕಟ್ಟನ್ನು ಮೆಲ್ಲಗೆ ಒತ್ತುತ್ತಿದ್ದ. ಮನೆಯಲ್ಲಿ ನಾನು ಕರೆದರೆ ವಾಂದಾ ಓಗೊಡುತ್ತಿರಲಿಲ್ಲ, ಎರಡನೇ ಸಲ ಕರೆದರೆ ಬೆಚ್ಚಿಬೀಳುತ್ತಿದ್ದಳು. ಇವಳ ಮನಸ್ಸು ಇಲ್ಲಿಲ್ಲ ಎಂದು ತೀರ್ಮಾನಿಸಿದೆ. ಹಗಲೆಲ್ಲ ರಿನಾಲ್ದೊನ ಹಾಡು ಹಾಡಿ ಹಾಡಿ, ಅವನ ಕೆಟ್ಟ ಬುದ್ಧಿಯೂ ನನಗೆ ಬಾಯಿಪಾಠವಾಗಿತ್ತು.

ಮೂರನೆಯ ಪ್ರದರ್ಶನ ಭಾನುವಾರ ಮಧ್ಯಾಹ್ನ. ಮೂರನೆಯ ಅಂಕದಲ್ಲಿ ವಾದ್ಯಗಳೆಲ್ಲ ನಿಂತು, ದಳಪತಿ ಒಬ್ಬನೇ, ಹೆಚ್ಚುಕಡಿಮೆ ಮಾತಿನ ಧಾಟಿಯಲ್ಲಿ ಲಿವಿಯಾಳ ಮೇಲೆ ಆರೋಪ ಹೊರಿಸುವ ಸನ್ನಿವೇಶವಿದೆ. ಆ ಮೌನದಲ್ಲಿ ನನ್ನ ಹೆಂಡತಿಯನ್ನು ಅವಳ ಸ್ವಂತ ಹೆಸರು ಹಿಡಿದು ಕರೆದು, ವೆಂತುರೋಲಿಯ ಹೆಸರನ್ನೂ ಸೇರಿಸಿ, ಇಡೀ ಊರಿನ ಎದುರು ಮಾನ ಕಳೆಯಬೇಕೆಂದು ನಾನು ನಿಶ್ಚಯಿಸಿದ್ದೆ. ನಮ್ಮ ಗ್ಯಾಲರಿಯ ಜನ ಎಂಥವರೆಂದು ಬಲ್ಲವರಿಗೆ, ಆ ಮೇಲೆ ವಾಂದಾ ಈ ಪಟ್ಟಣದ ಮಾರುಕಟ್ಟೆಗೂ ಹೋಗುವಂತಿರಲಿಲ್ಲ ಎಂಬುದು ಗೊತ್ತಾಗುತ್ತದೆ.

ಎರಡನೆಯ ಅಂಕ ಮುಗಿದು ತೆರೆ ಬಿದ್ದಾಗ ಮೊಗಸಾಲೆಯಲ್ಲಿ ಎರ್ಸಿಲಿಯಾ ಸಿಕ್ಕರು.

“ಮಾಯೆಸ್ತ್ರಾ, ಮುಂದಿನ ಅಂಕದಲ್ಲಿ ನನಗೆ ಪದ ಕೊಡಬೇಡಿ. ನನ್ನ ಹತ್ರ ನನ್ನವೇ ಇವೆ” ಎಂದೆ.

ಅವರು ನನ್ನ ಮುಖವನ್ನು ನೋಡಿದರು. “ವಾಂದಾ ವಿಷಯಾನಾ?”

“ನಿಮಗೂ ಗೊತ್ತು ಹಾಗಾದ್ರೆ!”

“ನನಗೆ ಗೊತ್ತಿರೋದು ನಿನಗೆ ಗೊತ್ತಿಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದೀನಿ, ಹೇಳಲ್ಲ. ಮುಖಕ್ಕೆ ತಣ್ಣೀರು ಹಾಕ್ಕೊಂಡು ಬಾ ಒತ್ತಾವಿಯೊ, ಕತ್ತೆ ಥರ ಆಡಬೇಡ.”

ನಾನು ತಣ್ಣೀರು ಹಾಕಿಕೊಳ್ಳಲಿಲ್ಲ. ವಾದ್ಯಗಳು ನಿಂತವು. ವಾಂದಾ ನನ್ನ ಎದುರು ಮೊಣಕಾಲೂರಿ ಕುಳಿತಿದ್ದಳು. ನಾನು ಉಸಿರೆಳೆದು ಬಾಯಿ ತೆರೆಯುವಷ್ಟರಲ್ಲಿ ಪೆಟ್ಟಿಗೆಯಿಂದ ಪುಸ್ತಕದ ಸಾಲು ಬಂತು. ಪಿಸುಮಾತಾಗಿ ಬರಲಿಲ್ಲ, ಮಾತಾಗಿ ಬಂತು. ಏಳು ವರ್ಷ ಅವರ ಪದಕ್ಕೇ ಪಳಗಿದ ಬಾಯಿ ಅದನ್ನೇ ಹಾಡಿತು. ಆ ಸಾಲು ಮುಗಿಯುವ ಮೊದಲೇ ಮುಂದಿನದು, ಅದರ ಬೆನ್ನಿಗೇ ಇನ್ನೊಂದು, ಮತ್ತಷ್ಟು ಗಟ್ಟಿಯಾಗಿ. ನನ್ನ ಮಾತನ್ನು ತುರುಕಲು ಉಸಿರಿನಷ್ಟೂ ಸಂದು ಸಿಗಲಿಲ್ಲ. ಅವರ ದನಿ ಮೊದಲ ಸಾಲನ್ನು ದಾಟಿ, ಖಾಸಗಿ ಆಸನಗಳನ್ನು ದಾಟಿ, ಗ್ಯಾಲರಿಗೆ ಏರಿತು.

“ಏ ದಳಪತಿಗಳೇ, ಆ ಪೆಟ್ಟಿಗೆಯಮ್ಮನ್ನೇ ಮೇಲಕ್ಕೆ ಕರ್ಕೊಳ್ರಪ್ಪಾ! ನಿಮಗಿಂತ ಅವರೇ ವಾಸಿ!” ಎಂದು ಮೇಲಿಂದ ಯಾರೋ ಕೂಗಿದರು. ಮಂದಿರವೇ ನಕ್ಕಿತು. ನಗುವಿನ ನಡುವೆ ವಾಂದಾ ತನ್ನ ಸಾಲನ್ನು ಎತ್ತಿಕೊಳ್ಳಲು ಪೆಟ್ಟಿಗೆಯಿಂದ ಬರಬೇಕಿದ್ದ ಕೈಸನ್ನೆ ಬರಲಿಲ್ಲ, ಆ ಕೈಗಳ ಒಡತಿಯ ಕಣ್ಣು ನನ್ನ ಮೇಲೆ ನೆಟ್ಟಿತ್ತು. ವಾಂದಾ ತಡವಾಗಿ ಎತ್ತಿಕೊಂಡಳು. ಗ್ಯಾಲರಿ ಸಿಳ್ಳೆ ಹಾಕಿತು. ಅವಳ ಜೀವಮಾನದ ಹಾಡು ಅದು, ಹಾಳಾಯಿತು.

ಮಾರನೆಯ ದಿನ ಆಡಳಿತದವರು ಎರ್ಸಿಲಿಯಾ ಅವರನ್ನು ಕರೆಸಿದರು. ಅವರು ಹೇಳಿದ್ದು ಒಂದೇ ಮಾತು: “ಪುಟ ತಪ್ಪಿತು, ಗಾಬರಿಯಾದೆ.” ಅವರಿಗೆ ಲಿಖಿತ ಎಚ್ಚರಿಕೆ ಕೊಟ್ಟರು. ಪ್ರತಿ ಬೇಸಿಗೆಯ ಒಪೆರಾ ಉತ್ಸವಕ್ಕೆ ವೆರೋನಾದಿಂದ ಅವರಿಗೆ ಬರುತ್ತಿದ್ದ ಕರೆ ಆ ವರ್ಷದಿಂದ ಬರಲಿಲ್ಲ. ವಾಂದಾ ಅವರನ್ನು ಕಂಡರೆ ಎದುರು ಫುಟ್‌ಪಾತಿಗೆ ದಾಟತೊಡಗಿದಳು. “ನನ್ನ ಹಾಡು ಯಾವುದು ಅಂತ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಬೇಕಂತಲೇ ಮಾಡಿದ್ಲೋ ಏನೋ” ಎಂದು ನನ್ನೆದುರೇ ಅತ್ತಳು. ನಾನು ಅವಳ ಬೆನ್ನು ಸವರಿದೆ, ಬಾಯಿ ಬಿಡಲಿಲ್ಲ.

ವಸಂತ ಬಂದಾಗ, ಒಂದು ಭಾನುವಾರ ಸಾರಿಗೆ ಹಾಕುವ ಪುಟ್ಟ ಕಡುಬುಗಳನ್ನು ಮಡಿಸುತ್ತ ವಾಂದಾ ತಾನಾಗಿಯೇ ಹೇಳಿದಳು: ಹಿಂದಿನ ಶರತ್ಕಾಲದ ಜ್ವರದಲ್ಲಿ ಅವಳ ಬಲಗಿವಿ ಪೂರ್ತಿ ಹೋಗಿತ್ತು. ತಿಳಿದರೆ ನಾನೇ ಪ್ರೀತಿಯಿಂದ ಅವಳನ್ನು ವೇದಿಕೆಯಿಂದ ಇಳಿಸುತ್ತೇನೆಂದು ಹೆದರಿ ಮುಚ್ಚಿಟ್ಟಿದ್ದಳು. ಮೊದಲ ತಾಲೀಮಿನಲ್ಲೇ ಅದನ್ನು ಕಂಡುಹಿಡಿದವರು ಎರ್ಸಿಲಿಯಾ. ವೆಂತುರೋಲಿಯನ್ನು ಎಡಗಿವಿಯ ಕಡೆ ನಿಲ್ಲಿಸಿ, ತಾಳ ತಪ್ಪದಂತೆ ಮಣಿಕಟ್ಟು ಒತ್ತಲು ಹೇಳಿಕೊಟ್ಟವರೂ ಅವರೇ.

“ಮತ್ತೆ ವೆಂತುರೋಲಿ ಕಿವಿಯಲ್ಲಿ ಏನು ಹೇಳ್ತಿದ್ದ?” ಎಂದೆ.

“ಎಣಿಸ್ತಿದ್ದ ಕಣೋ, ಒಂದು ಎರಡು ಮೂರು ಅಂತ. ಬಿಡುವು ಸಿಕ್ಕರೆ ಅವರಮ್ಮನ ಮಂಡಿನೋವು. ಯಾಕೆ?”

“ಏನಿಲ್ಲ, ಸುಮ್ಮನೆ ಕೇಳಿದೆ” ಎಂದೆ.

ಅಂದೇ ಎರ್ಸಿಲಿಯಾ ಅವರ ಮನೆಗೆ ಹೋದೆ, ಕಾಲಿಗೆ ಬೀಳುವುದೊಂದು ಬಾಕಿ. ಎಲ್ಲವನ್ನೂ ವಾಂದಾಳಿಗೆ ಹೇಳಿಬಿಡುತ್ತೇನೆ ಎಂದೆ. “ಬೇಡ. ಅವಳು ಇನ್ನೂ ಹಾಡಬೇಕು. ಗಂಡ ಹೀಗೆ ಮಾಡೋಕೆ ಹೊರಟಿದ್ದ ಅಂತ ತಿಳಿದು, ಅದೇ ಗಂಡನ ಎದುರು ನಿಂತು ಯಾವಳು ಹಾಡ್ತಾಳೆ? ಅವಳು ಹಾಡೋದು ನಿಲ್ಲಿಸಿದ ಮೇಲೆ ಹೇಳು” ಎಂದರು. ವಾಂದಾ ಹಾಡುವುದನ್ನು ನಿಲ್ಲಿಸಿದ್ದು ೧೯೯೫ರಲ್ಲಿ. ಆ ಒಂಬತ್ತು ವರ್ಷವೂ, ತನ್ನನ್ನು ಮಾತಾಡಿಸದ ಹೆಂಗಸಿಗೆ ಎರ್ಸಿಲಿಯಾ ಪ್ರತಿ ಪದವನ್ನೂ ಎಡಗಿವಿಗೆ ತಲುಪುವಂತೆ ಕೊಟ್ಟರು, ಒಮ್ಮೆಯೂ ಕೈಸನ್ನೆ ತಪ್ಪಲಿಲ್ಲ. ಅದರ ನಂತರದ ಹದಿನೆಂಟು ವರ್ಷಗಳ ಮೌನಕ್ಕೆ ಅವರು ಕಾರಣರಲ್ಲ. ಅದು ನನ್ನ ಹೇಡಿತನ. ಇಂದು ಹೇಳೋಣ, ನಾಳೆ ಹೇಳೋಣ ಎನ್ನುತ್ತ ನನಗೆ ಅರುವತ್ತಾಯಿತು.

ಆದುದರಿಂದ ಸಂಪಾದಕರಲ್ಲಿ ನನ್ನ ಪ್ರಾರ್ಥನೆ: ಆ ಸಾಲನ್ನು ತೆಗೆದುಹಾಕಿ. ಆ ಮಧ್ಯಾಹ್ನ ಪ್ರಮಾದ ಮಾಡಲು ಹೊರಟವನು ನಾನು. ಅದನ್ನು ತಡೆಯಲು ಎರ್ಸಿಲಿಯಾ ಮೊಂತಾನಾರಿ ಅವರು ತಮ್ಮ ವೃತ್ತಿಯ ಮೊದಲ ನಿಯಮವನ್ನು ಬೇಕೆಂದೇ ಮುರಿದರು, ತಮ್ಮ ಹೆಸರನ್ನೂ ಆಪ್ತ ಗೆಳತಿಯನ್ನೂ ಕಳೆದುಕೊಂಡರು.

ಇಲ್ಲಿಯವರೆಗಿನ ಹಾಳೆಗಳನ್ನು ಅಚ್ಚಿಗೆ ಕಳಿಸುವ ಮೊದಲು ಹೋದ ವಾರ ವಾಂದಾಳ ಕೈಗೆ ಕೊಟ್ಟೆ. ಕಿಟಕಿಯ ಬಳಿ ಕುಳಿತು ಎರಡು ಸಲ ಓದಿದಳು. ಕನ್ನಡಕ ತೆಗೆದು ಹಾಳೆಗಳ ಮೇಲಿಟ್ಟಳು. ಆಮೇಲೆ ಎದ್ದು ಕೋಟು ಹಾಕಿಕೊಂಡಳು.

“ಕಳಿಸು. ಒಂದಕ್ಷರಾನೂ ತೆಗೀಬೇಡ. ನಿನ್ನ ಹತ್ರ ಆಮೇಲೆ ಮಾತಾಡ್ತೀನಿ, ಅದಕ್ಕೆ ಯಾವಾಗ ಮನಸ್ಸು ಬರುತ್ತೋ ನೋಡೋಣ. ಮೊದಲು ಅವಳ ಮನೆಗೆ ಹೋಗಬೇಕು” ಎಂದಳು.

ಅಂದಿನಿಂದ ದಿನವೂ ಮಧ್ಯಾಹ್ನ ಹೋಗುತ್ತಿದ್ದಾಳೆ. ನನ್ನೊಡನೆ ಉಪ್ಪು ಕೊಡು, ಬಾಗಿಲು ಹಾಕು ಎಂಬಷ್ಟೇ ಮಾತು. ನನಗೆ ಸಲ್ಲಬೇಕಾದದ್ದು ಸಂದಿದೆ, ದೂರುವುದಿಲ್ಲ. ಮಾಯೆಸ್ತ್ರಾ ಎರ್ಸಿಲಿಯಾ ಅವರು ಎಳೆಯ ಪ್ರಾಂಪ್ಟರ್‌ಗಳಿಗೆ ಕಲಿಸುವ ಕೆಲಸವನ್ನು ಮುಂದುವರಿಸಲಿ, ಅವರ ಕಣ್ಣು, ಕೈ, ದನಿ ಮೂರೂ ಗಟ್ಟಿಯಾಗಿರಲಿ. ಅವರು ನೂರು ವರ್ಷ ಬಾಳಲೇಬೇಕು. ವಾಂದಾಳಿಗೆ ಅವರೊಡನೆ ಆಡಬೇಕಾದ ಇಪ್ಪತ್ತೇಳು ವರ್ಷಗಳ ಮಾತು ಉಳಿದಿದೆ.